ಹಿತಕಿದ ಬೇಳೆಯೂ ನಮ್ಮ ಜಗಲಿಯೂ

ವಯಸ್ಸಾಗುತ್ತಾ ಬಂದಂತೆ ಕೆಲವರಿಗೆ ದೇವರ ಮೇಲೆ ಭಕ್ತಿ ಹುಟ್ಟುತ್ತದಂತೆ. ನನಗೆ ಹುಟ್ಟಿದ್ದು ಅವರೆಯ ಮೇಲೆ. ಚಳಿ ಶುರುವಾಗಿ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನ ತುಂಬ ಸೊಗಡಿನ ವಾಸನೆ ಹರಡಿತೆಂದರೆ ಕಚೇರಿಯ ಫೈಲುಗಳಲ್ಲಿ ನನ್ನ ಮನಸ್ಸು ನಿಲ್ಲುವುದಿಲ್ಲ. (ಬೇರೆ ಕಾಲದಲ್ಲೂ ನಿಲ್ಲುವುದಿಲ್ಲ, ಆ ಮಾತು ಬಿಡಿ.) ಇವರಿಗೆ ಸಾರಿನ ಚಪಲ ಎಂದು ಹೆಂಡತಿ ಶಾರದೆ ತಿಳಿದಿದ್ದಾಳೆ. ಚಪಲ ಸಾರಿನದಲ್ಲ, ಹಿತಕುವವರ ಜೊತೆಯದು.

ಅವರೆಕಾಳನ್ನು ನೆನೆಹಾಕಿ, ಒಂದೊಂದನ್ನೇ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಬಿಡಿಸುವುದು ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಅದಕ್ಕೇ ನಮ್ಮ ಬೀದಿಯಲ್ಲೊಂದು ಏರ್ಪಾಡಿತ್ತು. ಇವತ್ತು ಈ ಮನೆಯ ಕಾಳು, ನಾಳೆ ಆ ಮನೆಯದು. ಯಾರ ಕಾಳಾದರೂ ಕೂರುವುದು ನಮ್ಮ ಜಗಲಿಯ ಮೇಲೆ. ಎದುರುಮನೆಯ ಫಾತಿಮಾಬೀ ಬರುತ್ತಿದ್ದರು. ಪಕ್ಕದ ಮನೆಯ ಸುಬ್ಬಮ್ಮ ಬೇಳೆಯ ಜೊತೆಗೆ ಬೀದಿಯ ಸುದ್ದಿಯನ್ನೂ ಅರ್ಧ ತೆಲುಗಿನಲ್ಲಿ ಹಿತಕುತ್ತಿದ್ದರು. ಕಾಲೊನಿಯಿಂದ ಸುಮಿತ್ರಾ ಟೀಚರ್ ಬರುತ್ತಿದ್ದರು. ಟೀಚರ ಮನೆಯಲ್ಲಿ ನೀರು ಕುಡಿಯಲು ಹಿಂದೆಮುಂದೆ ನೋಡುವ ಸುಬ್ಬಮ್ಮ, ಅವರು ಕೈ ಹಾಕಿದ ಪಾತ್ರೆಗೇ ಕೈ ಹಾಕಿ ಕೂತಿರುತ್ತಿದ್ದರು. ಅವರೆಕಾಳಿನ ಮುಂದೆ ಆ ಮಡಿ ಎಲ್ಲಿ ಹೋಗುತ್ತಿತ್ತೋ! ಬೇಳೆ ಹಾರಿ ನನ್ನ ಕನ್ನಡಕಕ್ಕೆ ಬಡಿದರಂತೂ ಎಲ್ಲರಿಗೂ ಹಬ್ಬ.

ಈಗ ಹಿತಕಿದ ಬೇಳೆಯೇ ಅಂಗಡಿಯಲ್ಲಿ ಸಿಗುತ್ತದೆ. ಎಲ್ಲರ ಮನೆಯಲ್ಲೂ ಸಾರು ಘಮಘಮ, ಎಲ್ಲರ ಬಾಗಿಲೂ ಮುಚ್ಚಿದ್ದು, ಒಳಗೆ ಟೀವಿ ಧಾರಾವಾಹಿ. ಆ ನಗು ಇನ್ನೊಮ್ಮೆ ಕೇಳಬೇಕೆಂಬ ಆಸೆ ಎಷ್ಟಾಯಿತೆಂದರೆ, ಈ ಸಲ ನಾನೇ ಚೀಲದ ತುಂಬ ಅವರೆಕಾಳು ಹೊತ್ತು ತಂದೆ.

"ಇಷ್ಟೊಂದಾ? ಯಾರ್ರೀ ಹಿತಕ್ತಾರೆ? ನನ್ ಕೈಲಾಗಲ್ಲಪ್ಪ," ಅಂದಳು ಶಾರದೆ.

"ನೀನ್ ಸುಮ್ನಿರು. ನಾನು ಕೂತ್ರೆ ಜನ ತಾವಾಗೇ ಬರ್ತಾರೆ," ಅಂದೆ.

ಭಾನುವಾರ ಬೆಳಿಗ್ಗೆ ನೆನೆದ ಕಾಳಿನೊಂದಿಗೆ ಜಗಲಿಯಲ್ಲಿ ಕೂತೆ. ಮೊದಲು ಇಣುಕಿದವರು ಫಾತಿಮಾಬೀ.

"ಏನ್ ಸಾರ್, ನೀವ್ ಹಿತಕ್ತಾ ಇದ್ದೀರಾ? ಶಾರದಮ್ಮಂಗೆ ಹುಷಾರಿಲ್ವಾ?"

"ಚೆನ್ನಾಗೇ ಇದಾಳಮ್ಮ. ಹಂಗೇ ಸುಮ್ನೆ."

ಅವರು ಸರ್ರನೆ ಒಳಗೆ ಹೋದರು. ಸೆರಗು ಸಿಕ್ಕಿಸಿಕೊಂಡು ಬರುತ್ತಾರೆಂದು ನನ್ನ ಎದೆ ಹಿಗ್ಗಿತು. ಬಂದರು, ಕೈಯಲ್ಲಿ ಡಬ್ಬಿ ಹಿಡಿದು. "ರೆಡಿ ಬೇಳೆ ಸಾರ್, ಇಟ್ಕೊಳ್ಳಿ. ಈ ವಯಸ್ನಲ್ಲಿ ಯಾಕೆ ಕಷ್ಟ?"

ಹಿಂದೆಯೇ ಸುಬ್ಬಮ್ಮ ಒಂದು ಬಟ್ಟಲು ತಂದಿಟ್ಟು, "ಅಯ್ಯೋ ನಾಯನಾ, ಬೆರಳು ನೋಯಲ್ವಾ?" ಎಂದು ಮರುಗಿ ಹೋದರು. ಆ ದಾರಿಯಲ್ಲಿ ಬಂದ ಸುಮಿತ್ರಾ ಟೀಚರೂ ತಾವು ಕೊಂಡಿದ್ದರಲ್ಲಿ ಅರ್ಧ ಬೇಳೆ ಸುರಿದರು. ಇಂಥ ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಪ್ರತಿಯೊಬ್ಬರಿಗೂ "ತುಂಬಾ ಉಪಕಾರ ಆಯ್ತಮ್ಮ" ಅಂದೆ. ಅಳುವುದೊಂದು ಬಾಕಿ.

ಶಾರದೆ ಹೊಸಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. "ಒಬ್ಬರಿಗಾದ್ರೂ ಕೂತ್ಕೊಳ್ಳಿ ಅಂದ್ರಾ?" ಅಂದಳು.

ಅಂದಿರಲಿಲ್ಲ. ಅಂದಿದ್ದರೂ ಎಲ್ಲಿ ಕೂರುತ್ತಿದ್ದರು? ಒಂದು ಕಡೆ ಸಿಪ್ಪೆ, ಇನ್ನೊಂದು ಕಡೆ ಬೇಳೆ, ನಡುವೆ ಕಾಲು ಚಾಚಿದ ನಾನು. ಜಗಲಿಯನ್ನೆಲ್ಲ ನಾನೊಬ್ಬನೇ ತುಂಬಿಕೊಂಡಿದ್ದೆ.