ಎರಡನೇ ಒಬ್ಬಟ್ಟಿನ ಷರತ್ತು

ಬರೀ ನೋಡಿದರೆ ಪಾಠ ಮುಗಿಯಿತಂತೆ! ಅರಸೀಕೆರೆಯ ಶಾಂತಾದೇವಿಯವರಿಗೆ ಬೆಳಗಿನಿಂದ ಅದೇ ಸಂಕಟ.

ಸೊಸೆ ಮೇಘಶ್ರೀ ಅತ್ತೆಯ ಒಬ್ಬಟ್ಟಿನ ವಿದ್ಯೆಯನ್ನು ಆನ್‌ಲೈನ್ ಕೋರ್ಸಾಗಿ ಮಾಡಿದ್ದಳು. ನಾಲ್ಕು ಬಗೆಯ ಒಬ್ಬಟ್ಟು, ನಾಲ್ಕು ಪಾಠ. ಒಂದು ಮುಗಿದರೇನೇ ಮುಂದಿನದು ತೆರೆಯುವುದು. ಏನು ಮಾಡಿದರೆ ಮುಗಿದ ಹಾಗೆ ಎಂಬುದನ್ನು ಮಾತ್ರ ಅತ್ತೆಯೇ ಹೇಳಬೇಕು.

“ವಿಡಿಯೊ ಪೂರ್ತಿ ನೋಡಿದ್ರೆ ಮುಗೀತು ಅಂತ ಹಾಕ್ಲಾ ಅತ್ತೆ?”

“ನಾನು ಒಬ್ಬಟ್ಟು ತಟ್ಟೋದನ್ನ ನಮ್ಮನೆ ಬೆಕ್ಕೂ ಪೂರ್ತಿ ನೋಡ್ತೈತೆ. ಅದಕ್ಕೂ ಸರ್ಟಿಫಿಕೇಟ್ ಕೊಡ್ತೀಯಾ?”

“ಹಂಗಾದ್ರೆ ಕೊನೇಲಿ ಐದು ಪ್ರಶ್ನೆ ಕೇಳೋಣ.”

“ಉತ್ತರ ಬರೆದ್ರೆ ಕಣಕ ಹದಕ್ಕೆ ಬತ್ತದೇನೇ? ಬರ್ಕೋ. ತಿಂದೋರು ತಾವಾಗೇ ‘ಇನ್ನೊಂದು ಹಾಕು’ ಅನ್ಬೇಕು. ಅದರ ವಿಡಿಯೊ ಕಳಿಸಿದ್ರೆ ಪಾಸು. ಇಲ್ದಿದ್ರೆ ಬಾಗಿಲು ತೆಗೀಬ್ಯಾಡ.”

ಹನ್ನೊಂದು ಜನ ಹೆಸರು ಕೊಟ್ಟಿದ್ದರು. ಸೋಮವಾರ ಆರಂಭ. ಅದಕ್ಕೆ ಮೊದಲು ಅತ್ತೆ ಸೊಸೆ ಇಬ್ಬರೂ ಶಿಷ್ಯರಾಗಿ ಪರೀಕ್ಷಿಸಿ ನೋಡುವುದೆಂದಾಯಿತು. ಮೊದಲ ಸರ್ಟಿಫಿಕೇಟ್ ತನಗೇ ಎಂದು ಶಾಂತಾದೇವಿ ನಡುಮನೆಯ ಗೋಡೆಗೆ ಮೊಳೆಯನ್ನೂ ಹೊಡೆಸಿದರು. (ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು, ಜನ್ಮದಲ್ಲಿ ಒಂದು ಸರ್ಟಿಫಿಕೇಟೂ ಕಂಡಿರಲಿಲ್ಲ.)

ತಿಂದು ತೀರ್ಪು ಕೊಡುವ ಮಹಾನುಭಾವರು ಯಜಮಾನರಾದ ಜಯದೇವಪ್ಪ. ಕೊಬ್ಬರಿ ಮಂಡಿಯಲ್ಲಿ ದಿನವಿಡೀ ಕೂಗಾಡಿ ಬರುವವರು ಮನೆಯಲ್ಲಿ ಬಾಯಿ ತೆರೆಯುವುದು ಊಟಕ್ಕೆ ಮಾತ್ರ.

ಭಾನುವಾರ ಮಧ್ಯಾಹ್ನ ಮೊದಲು ಸೊಸೆಯ ಸರದಿ. ಅವಳ ಕಾಯಿ ಒಬ್ಬಟ್ಟು ಬೇಲೂರಿನಿಂದ ಬಸ್ಸಿನಲ್ಲಿ ನಿಂತೇ ಬಂದ ಹಾಗೆ ನಜ್ಜುಗುಜ್ಜಾಗಿತ್ತು. ಒಂದನ್ನು ತಟ್ಟೆಗೆ ಹಾಕಿ, ಮೊಬೈಲ್ ಹಿಡಿದು ದೂರ ನಿಂತಳು. ಜಯದೇವಪ್ಪ ತಿಂದರು. ಖಾಲಿ ತಟ್ಟೆ ನೋಡಿದರು. ಸೊಸೆಯನ್ನು ನೋಡಿದರು.

“ಇನ್ನೊಂದು ಹಾಕಮ್ಮ.”

ಮೇಘಶ್ರೀಗೆ ಎರಡನೇ ಪಾಠ ತೆರೆಯಿತು.

ಈಗ ಗುರುಗಳ ಸರದಿ. ಹುಣ್ಣಿಮೆ ಚಂದ್ರನಂಥ ಒಬ್ಬಟ್ಟು, ಮೇಲೆ ತುಪ್ಪ. ಜಯದೇವಪ್ಪ ಕೊನೆಯ ತುತ್ತು ಮುರಿಯುವಷ್ಟರಲ್ಲಿ ಶಾಂತಾದೇವಿಯ ಬಲಗೈ ಇನ್ನೊಂದನ್ನು ತಟ್ಟೆಗೆ ಹಾಕಿಬಿಟ್ಟಿತ್ತು.

“ಅತ್ತೇ! ಅವರು ಕೇಳ್ಬೇಕು!”

“ಅಯ್ಯೋ, ಗೊತ್ತಾಗ್ಲೇ ಇಲ್ಲ ಕಣೇ.”

ಸೆರಗಿನಲ್ಲಿ ಬಲಗೈ ಸುತ್ತಿಕೊಂಡು ಕುಳಿತರು. ತಟ್ಟೆಯಲ್ಲಿ ಎರಡನೆಯದು ಕಾಲು ಭಾಗಕ್ಕೆ ಬಂತು. ಎಡಗೈಯಲ್ಲಿ ಬಡಿಸಬಾರದೆಂದು ಬಲಗೈ ತಾನೇ ಬಿಡಿಸಿಕೊಂಡು ಹೊರಬಂತು. ಮೂರನೆಯದು ಬಿತ್ತು. ಹಾಗೆಯೇ ನಾಲ್ಕನೆಯದೂ. ಜಯದೇವಪ್ಪ ತೇಗಿ ಎದ್ದರು.

“ಅಲ್ರೀ, ಆ ಹರಿದ ಒಬ್ಬಟ್ಟಿಗೆ ಬಾಯಿ ಬಿಟ್ರಿ. ನನ್ನದಕ್ಕೆ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?”

ಜಯದೇವಪ್ಪ ಕೈ ತೊಳೆಯುತ್ತಲೇ ಹೇಳಿದರು: “ನಲವತ್ತು ವರ್ಷದಾಗೆ ಒಂದಿನಾನಾದ್ರೂ ನನ್ನ ತಟ್ಟೆ ಖಾಲಿ ಆಗೋಕೆ ಬಿಟ್ಟಿದ್ದೀಯೇನೇ, ಕೇಳೋಕೆ?”

ಶಾಂತಾದೇವಿ ಗೋಡೆಯ ಮೊಳೆಯತ್ತ ನೋಡಿದರು.

“ಷರತ್ತು ಸಡಿಲ ಮಾಡ್ಲಾ ಅತ್ತೆ?”

“ಬ್ಯಾಡ. ಮುಂದಿನ ಭಾನುವಾರ ಕೈ ಬಿಗಿಯಾಗಿ ಹಿಡ್ಕೋತೀನಿ.”

ತಿಂಗಳಾಯಿತು. ಹನ್ನೊಂದು ಶಿಷ್ಯೆಯರೂ ಸರ್ಟಿಫಿಕೇಟ್ ಪಡೆದರು. ಗುರುಗಳು ಇನ್ನೂ ಒಂದನೇ ಪಾಠದಲ್ಲೇ ಇದ್ದಾರೆ. ನಡುಮನೆಯ ಮೊಳೆಗೆ ಜಯದೇವಪ್ಪ ಟವೆಲ್ಲು ನೇತುಹಾಕಿ, ಪ್ರತಿ ಭಾನುವಾರ ತಪ್ಪದೆ ಪರೀಕ್ಷೆಗೆ ಕೂರುತ್ತಿದ್ದಾರೆ.