ಶಿಗ್ಗಾಂವಿಗೆ ಹೋಗಬೇಡಿ

ಕುಡಿತದ ವಿಷಯದಲ್ಲಿ ನಮ್ಮ ಕಡೆಯ ಮರ್ಯಾದಸ್ಥರು ಒಂದು ಶಿಸ್ತು ಪಾಲಿಸುತ್ತಾರೆ. ಸ್ವಂತ ಊರಿನಲ್ಲಿ ಮಾತ್ರ ಕುಡಿಯುವುದಿಲ್ಲ. ಹಾನಗಲ್ಲಿನವರು ಶಿಗ್ಗಾಂವಿಗೆ ಹೋಗುತ್ತಾರೆ, ಶಿಗ್ಗಾಂವಿಯವರು ಸವಣೂರಿಗೆ, ಸವಣೂರಿನವರು ಹಾನಗಲ್ಲಿಗೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಯಾರೂ ಯಾರ ಗುರುತನ್ನೂ ಹಿಡಿಯುವುದಿಲ್ಲ. ಹಾನಗಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತನಾದ ನನಗೆ ಇನ್ನೊಂದು ಅನುಕೂಲವಿತ್ತು. ಶಿಗ್ಗಾಂವಿಯಲ್ಲಿ ನನ್ನ ಅಕ್ಕ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಶಾವಿಗೆ, ಹಪ್ಪಳ ಮಾಡಿ ಮಾರುತ್ತ ಒಬ್ಬಳೇ ಇರುವವಳು. "ಅಕ್ಕನ್ನ ನೋಡಿ ಬರ್ತೇನಿ" ಎಂದು ಶನಿವಾರ ಹೊರಟರೆ ಹೆಂಡತಿ ಗಿರಿಜಾ ಬೇಡವೆನ್ನುವಂತಿರಲಿಲ್ಲ. ಮೊದಲು ಬ್ರಾಂಡಿ ಅಂಗಡಿ, ಆಮೇಲೆ ಬಾಯಿತುಂಬ ಯಾಲಕ್ಕಿ, ಕೊನೆಗೆ ಅಕ್ಕ. ಅವಳ ರೊಟ್ಟಿ ತಿಂದು ಬಸ್ಸು ಹತ್ತಿದರೆ ಸ್ವಾಮಿ ಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು.

ಒಂದು ಶನಿವಾರ ನಮ್ಮ ಮನೆಯ ಮೆಟ್ಟಿಲ ಮೇಲೆಯೇ ಬಿದ್ದೆ. ಗಿರಿಜಾ ಬೈಯಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮರುದಿನ ನನ್ನ ಫೋನಿನಲ್ಲಿ ಕುಡಿತ ಕಡಿಮೆ ಮಾಡಿಕೊಳ್ಳುವ ಆನ್‌ಲೈನ್ ಕಾರ್ಯಕ್ರಮವೊಂದನ್ನು ತೆರೆದುಕೊಟ್ಟು, "ಡಾಕ್ಟರ ಮುಂದ ಕುಂದರಾಕ ನಾಚಿಕಿ ಅಂತೀರಿ. ಇದರ ಮುಂದರ ಖರೇ ಹೇಳ್ರಿ" ಎಂದಳು.

ಆ ಕಾರ್ಯಕ್ರಮದಷ್ಟು ಮರ್ಯಾದೆಯಿಂದ ನನ್ನನ್ನು ನಮ್ಮ ಸಾಹೇಬರೂ ಮಾತಾಡಿಸಿದ್ದಿಲ್ಲ. ಮಾತೆತ್ತಿದರೆ 'ದಯವಿಟ್ಟು', ಮಾತು ಮುಗಿದರೆ 'ಧನ್ಯವಾದ'. ನಿಮ್ಮನ್ನು ಕುಡಿತಕ್ಕೆ ಎಳೆಯುವ ಜಾಗ ಯಾವುದು ಎಂದು ಕೇಳಿತು. ಅಂಗಡಿಯ ಹೆಸರು ಬರೆಯಲು ನಾಚಿಕೆಯಾಗಿ, 'ಶಿಗ್ಗಾಂವಿ' ಎಂದು ಇಡೀ ಊರನ್ನೇ ಬರೆದೆ. ಕೆಲಕಾಲ ದಯವಿಟ್ಟು ಅಲ್ಲಿಗೆ ಹೋಗಬೇಡಿ ಎಂದಿತು. ಕಚೇರಿಯ ಮನುಷ್ಯನಿಗೆ ಆದೇಶವೆಂದರೆ ಆದೇಶ. ಹೋಗುವುದನ್ನು ಬಿಟ್ಟೆ, ಕುಡಿತವೂ ನಿಂತಿತು. ಅಭಿನಂದನೆಯೆಂದು ಫೋನಿನ ತುಂಬ ಬಣ್ಣಬಣ್ಣದ ಹೂವು ಉದುರಿದವು. ಸಂಜೆಗಳು ಮಾತ್ರ ಮುಗಿಯುತ್ತಿರಲಿಲ್ಲ. ಗೋಡೆ ನೋಡುತ್ತ ಕುಳಿತಿರುತ್ತಿದ್ದೆ.

ಹೀಗಿರುವಾಗ ಅಕ್ಕನ ಫೋನು ಬಂತು. "ಯಾಕ ತಮ್ಮಾ, ನನ್ನ ಮ್ಯಾಲ ಸಿಟ್ಟೇನು?"

"ಕೆಲಸ ಭಾಳ ಐತಿ ಅಕ್ಕಾ."

"ಕುಡದು ಬಂದ್ರೂ ನಡೀತೈತಿ, ಬಾರಪಾ" ಎಂದಳು.

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನು. ಅಷ್ಟು ವರ್ಷ ಅಗಿದ ಯಾಲಕ್ಕಿಯೆಲ್ಲ ದಂಡವಾಗಿತ್ತು. ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು.

ಮರುದಿನವೇ ಆದೇಶ ಮೀರಿ ಶಿಗ್ಗಾಂವಿಗೆ ಹೋದೆ, ಅಂಗಡಿಯ ಓಣಿ ಬಿಟ್ಟು ಸುತ್ತು ಹಾಕಿಕೊಂಡು. ಅಕ್ಕ ನೀರಿನ ತಂಬಿಗೆ ತಂದು, ನಾನು ಚಾಚಿದ ಕೈಗಲ್ಲದೆ ಪಕ್ಕದ ಗಾಳಿಗೆ ನೀಡಿದಳು. ಆಗ ಅವಳ ಮುಖವನ್ನು ಸರಿಯಾಗಿ ನೋಡಿದೆ. ಎರಡೂ ಕಣ್ಣಿಗೆ ಬಿಳಿ ಪೊರೆ ಕವಿದಿತ್ತು.

"ಇದು ಯಾವಾಗಿಂದ ಅಕ್ಕಾ? ನನಗೊಂದು ಮಾತು ಹೇಳಬಾರದಾ?"

"ಬಂದಾಗೆಲ್ಲಾ ಹೇಳೇನಲ್ಲೋ! ಸೋಮವಾರ ಹುಬ್ಬಳ್ಳಿ ದವಾಖಾನಿಗೆ ಕರಕೊಂಡು ಹೋಗ್ತೇನಿ ಅಂತ ನೀನೂ ಬಂದಾಗೆಲ್ಲಾ ಆಣಿ ಮಾಡೀದಿ. ಮೊದಮೊದಲು ಚಲೋ ಸೀರಿ ಉಟಗೊಂಡು ದಾರಿ ಕಾಯ್ತಿದ್ದೆ. ಆಮ್ಯಾಲ ಬಿಟ್ಟೆ."

ನನಗೆ ಅದರಲ್ಲಿ ಒಂದು ಮಾತೂ ನೆನಪಿರಲಿಲ್ಲ. ಅವಳ ಕೈ ಹಿಡಿದುಕೊಂಡು, "ಈ ಸೋಮವಾರ ಖರೇನ ಹೋಗೂಣು ಅಕ್ಕಾ. ನಿನ್ನ ಆಣಿ" ಎಂದೆ.

ಅಕ್ಕ ನನ್ನ ಬಾಯಿಯ ಹತ್ತಿರ ಬಗ್ಗಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ನಿಟ್ಟುಸಿರು ಬಿಟ್ಟು ಕೇಳಿದಳು:

"ಇವತ್ತ ವಾಸನೀನ ಬರದಂಥಾದ್ದು ಕುಡದೀಯೇನು ತಮ್ಮಾ?"