ಗಗನವಾಹನಕ್ಕೆ ಖಂಡೇ ಪೂಜೆ

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ, ದಿನ ನಸುಕಿನಲ್ಲಿ ಕುಮಾರಸ್ವಾಮಿ ತನ್ನ ಮನೆಯಲ್ಲೇ ಕುಕ್ಕರಿನ ಸೀಟಿ ಕದ್ದ. ಕದ್ದ ಅಂದರೆ ಅವನು ಒಪ್ಪುವುದಿಲ್ಲ. ತನ್ನ ಮದುವೆಗೆ ಬಂದ ಕುಕ್ಕರಿನ ಸೀಟಿಯನ್ನು ತಾನೇ ತೆಗೆದುಕೊಂಡರೆ ಕಳವು ಹೇಗಾದೀತು ಎಂಬುದು ಅವನ ವಾದ. ಆದರೆ ಹೆಂಡತಿ ಅಂಗಳಕ್ಕೆ ನೀರಿನ ಥಳಿ ಹೊಡೆಯಲು ಹೋದ ಹೊತ್ತು ನೋಡಿ, ಬೆಕ್ಕಿನ ಹಾಗೆ ಅಡಿಗೆಮನೆ ಹೊಕ್ಕು, ಸೀಟಿಯನ್ನು ಬನಿಯನ್ನಿನೊಳಗೆ ಮುಚ್ಚಿಕೊಂಡು ಬಂದದ್ದಕ್ಕೆ ಬೇರೆ ಏನು ಹೆಸರಿಡಬೇಕೋ ನಮಗಂತೂ ತಿಳಿಯದು.

ಸೀಟಿ ಬೇಕಾದದ್ದು ಮಂಗಳ ಗ್ರಹಕ್ಕೆ ಹೋಗಲು. ಕುಮಾರಸ್ವಾಮಿ ಧಾರವಾಡದ ಒಂದು ಕಚೇರಿಯಲ್ಲಿ ಟಪಾಲು ನೋಡುವ ಗುಮಾಸ್ತ. ಸಪ್ತಾಪುರದಲ್ಲಿ ಬಾಡಿಗೆ ಮನೆ: ಒಂದು ಪಡಸಾಲೆ, ಒಂದು ಅಡಿಗೆಮನೆ, ಬಚ್ಚಲಿನ ಬಾಜೂ ಹಿಂದೊಮ್ಮೆ ಕಟ್ಟಿಗೆ ಒಟ್ಟುತ್ತಿದ್ದ ಒಂದು ಕೋಲಿ. ಆ ಕೋಲಿಯಲ್ಲಿ ಹನ್ನೊಂದು ತಿಂಗಳಿಂದ ಅವನು ಎರಡೂವರೆ ಫೂಟಿನ ಆಕಾಶನೌಕೆ ಕಟ್ಟುತ್ತಿದ್ದ. ಒಂದೊಂದು ಭಾಗವೂ ಅವನ ಕೈಯಿಂದಲೇ ಆದದ್ದು. ಖಾಲಿ ರೀಫಿಲ್ಲನ್ನು ಮೇಣದಬತ್ತಿಯ ಮೇಲೆ ಕಾಯಿಸಿ, ದಾರದಷ್ಟು ಸಣ್ಣಗೆ ಎಳೆದು ಎಣ್ಣೆ ಹರಿಯುವ ಕೊಳವೆ ಮಾಡಿದ್ದ. ಅವ್ವನ ಬಿ.ಪಿ. ಗುಳಿಗೆಯ ಬೆಳ್ಳಿಹಾಳೆ ಬಿಸಿಲು ತಡೆಯುವ ತಗಡಾಗಿತ್ತು. ಕೆಟ್ಟ ಕ್ಯಾಸೆಟ್ಟಿನ ಗಾಲಿ, ಛತ್ರಿಯ ಕಡ್ಡಿ, ಹಳೇ ಹುಬ್ಬಳ್ಳಿಯ ಗುಜರಿಯಲ್ಲಿ ಆರಿಸಿ ತಂದ ಗಡಿಯಾರದ ಹಲ್ಲುಚಕ್ರ, ಎಲ್ಲಕ್ಕೂ ಅದರಲ್ಲಿ ಒಂದೊಂದು ನೌಕರಿ ಸಿಕ್ಕಿತ್ತು. ಒಳಗೆ, ಬಾಗಿಲು ಹಾಕಿದರೆ ಯಾರಿಗೂ ಕಾಣದಲ್ಲಿ, ಒಂದು ಅಡಿಗೆಮನೆಯನ್ನೂ ಮಾಡಿ ಅದರಲ್ಲಿ ಅಂಗಿಗುಂಡಿಯ ರೊಟ್ಟಿಹಂಚು ಇಟ್ಟಿದ್ದ. ನಮ್ಮ ಮಂದಿ ಮಂಗಳಕ್ಕೆ ಹೋದರೂ ರೊಟ್ಟಿ ಇಲ್ಲದೆ ಎಷ್ಟು ದಿನ ಇದ್ದಾರು? ಮೈಮೇಲೆ ದಪ್ಪ ಅಕ್ಷರದಲ್ಲಿ ‘ಗಗನವಾಹನ-೧’ ಎಂದು ಬರೆದಿದ್ದ. ಹಿಂದಿನ ಇಂಜಿನ್ನಿನ ಬಾಯಿ ಒಂದೇ ಬಾಕಿ ಇತ್ತು. ಏಳು ಥರದ ಮುಚ್ಚಳ ಹಚ್ಚಿ ನೋಡಿದರೂ ಯಾವುದೂ ಮನಸ್ಸಿಗೆ ಬಂದಿರಲಿಲ್ಲ. ಆ ನಸುಕಿನಲ್ಲಿ ನೀರು ಕುಡಿಯಲು ಹೋದಾಗ ಕುಕ್ಕರ್ ಕಂಡಿತು.

ಅವತ್ತೇ ಮುಗಿಸಬೇಕಾಗಿತ್ತು. ಹುಬ್ಬಳ್ಳಿಯ ಒಂದು ತರುಣ ಸಂಘದವರು ದಸರೆಗೆ ‘ಕಸದಿಂದ ರಸ’ ಅಂತ ಸ್ಪರ್ಧೆ ಇಟ್ಟಿದ್ದರು. ಮಧ್ಯಾಹ್ನ ಮೂರರೊಳಗೆ ಸಾಮಾನು ತಂದು ಒಪ್ಪಿಸಬೇಕು. ಇದರ ಮೇಲೆ ಕುಮಾರಸ್ವಾಮಿಯ ಕೋಲಿ ನಿಂತಿತ್ತು. ಹೆಂಡತಿ ಸೌಂದರ್ಯಾ ಹೊಲಿಗೆ ಕ್ಲಾಸು ಮುಗಿಸಿ ಆರು ತಿಂಗಳಾಗಿತ್ತು. ಮಷೀನು ಇನ್ನೂ ಅಂಗಡಿಯಲ್ಲೇ ಇತ್ತು, ಆದರೆ ಅದಕ್ಕೆ ಆ ಕೋಲಿಯ ಅಳತೆಯನ್ನು ಮಾತ್ರ ಅವಳು ಆಗಲೇ ಟೇಪು ಹಿಡಿದು ತೆಗೆದಿದ್ದಳು. ದಿನಾ ಜಗಳವಾಗಿ ಕಡೆಗೆ ಅತ್ತೆ ಮುರಿಗೆವ್ವನ ಎದುರಿಗೆ ಕರಾರು ಆಯಿತು. ಬಹುಮಾನ ಬಂದರೆ ಸೌಂದರ್ಯಾ ಇನ್ನು ಮುಂದೆ ಕೋಲಿಯ ಮಾತು ಎತ್ತಬಾರದು. ಬರದಿದ್ದರೆ ವಿಜಯದಶಮಿಗೆ ಕೋಲಿ ಖಾಲಿ ಆಗಬೇಕು. ಸೌಂದರ್ಯಾ ಮಾತು ಕೊಟ್ಟರೆ ತಪ್ಪುವವಳಲ್ಲ, ಅದೊಂದು ಧೈರ್ಯ ಅವನಿಗಿತ್ತು.

ಸೀಟಿಯನ್ನು ಗಟ್ಟಿ ಅಂಟಿನಿಂದ ಕೂಡಿಸಿ, ಹೆಸರೊಂದನ್ನು ಬಿಟ್ಟು ಇಡೀ ನೌಕೆಗೆ ಕೊನೆಯ ಸಲ ಬೆಳ್ಳಿ ಬಣ್ಣ ಬಳಿದು, ಒಣಗಲಿ ಅಂತ ಬಾಗಿಲು ತೆರೆದಿಟ್ಟು ಅವನು ಜಳಕಕ್ಕೆ ಹೋದ. ಹೋಗಬಾರದಿತ್ತು. ಜಳಕ ಒಂದು ದಿನ ತಪ್ಪಿದರೆ ಏನೂ ಆಗುತ್ತಿರಲಿಲ್ಲ.

ಮುರಿಗೆವ್ವ ಆರತಿ ತಾಟು ಹಿಡಿದು ಮನೆಯ ಹತಿಯಾರಗಳ ಪೂಜೆಗೆ ಹೊರಟಿದ್ದಳು. ಈಳಿಗೆ, ಕೊಡಲಿ, ಸೈಕಲ್, ಎಲ್ಲಕ್ಕೂ ವಿಭೂತಿ ಹಚ್ಚುತ್ತ ಬಂದವಳಿಗೆ ತೆರೆದ ಕೋಲಿಯಲ್ಲಿ ಫಳಫಳ ಹೊಳೆಯುವ ನೌಕೆ ಕಂಡಿತು. ಮಗ ತಿಂಗಳುಗಟ್ಟಲೆ ಬೆವರು ಸುರಿಸಿದ ಸಾಮಾನು, ಅದನ್ನು ಬಿಟ್ಟರೆ ಹೆಂಗ? ನೌಕೆಯ ಮೂಗಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಬಾಗಿಲಿಗೆ ಕುಂಕುಮ ಇಟ್ಟಳು. ನೆತ್ತಿಗೆ ಚೆಂಡುಹೂ ಏರಿಸಿ, ಲೋಬಾನದ ಹೊಗೆಯನ್ನು ಇಂಜಿನ್ನಿನ ಬಾಯೊಳಗೂ ಹೊಗಿಸಿ, ಕೈಮುಗಿದಳು. ಹಸಿ ಬಣ್ಣ ಎಲ್ಲವನ್ನೂ ಅಪ್ಪಿಕೊಂಡಿತು.

ಅದೇ ಹೊತ್ತಿಗೆ ಸೌಂದರ್ಯಾ ಹೋಳಿಗೆಗೆ ಕಡಲೆಬೇಳೆ ಇಟ್ಟು ಸೀಟಿ ಹುಡುಕುತ್ತಿದ್ದಳು. ಈ ಮನೆಯಲ್ಲಿ ಏನು ಕಳೆದರೂ ಎಲ್ಲಿ ನೋಡಬೇಕೆಂದು ಅವಳಿಗೆ ಗೊತ್ತು. ನೆಟ್ಟಗೆ ಕೋಲಿಗೆ ಬಂದವಳೇ ನೌಕೆಯ ಹಿಂಭಾಗ ನೋಡಿ, ತಲೆಗೆ ಟವೆಲ್ ಸುತ್ತಿಕೊಂಡು ಓಡಿ ಬಂದ ಗಂಡನನ್ನೂ ನೋಡಿದಳು.

“ಇದು ನನ್ನ ಕುಕ್ಕರಿನ ಸೀಟಿ ಅಲ್ಲೇನ್ರಿ?”

ಕುಮಾರಸ್ವಾಮಿ ಬಾಯಿ ತೆರೆಯುವುದರೊಳಗೆ ಅವಳು ಕೈ ಹಾಕಿದಳು. ಮುರಿಗೆವ್ವ ಸೊಸೆಯ ಕೈ ಹಿಡಿದಳು.

“ಮುಟ್ಟಬ್ಯಾಡವಾ. ಪೂಜಿ ಆಗೇತಿ. ಪೂಜಿ ಆದ ಹತಿಯಾರ ನಾಳಿ ತನಕ ಅಲುಗಾಡಸಬಾರದು.”

ಕುಮಾರಸ್ವಾಮಿಗೆ ಬಣ್ಣ ಕೆಟ್ಟ ಸಂಕಟ ಒಂದು ಕಡೆ, ಸೀಟಿ ಉಳಿದ ಸಂತೋಷ ಒಂದು ಕಡೆ. ಅವ್ವ ಹೇಳುವುದು ಖರೇ, ಹಿರಿಯರು ಸುಮ್ಮನೆ ಮಾಡಿಟ್ಟಿಲ್ಲ, ಒಂದು ದಿನ ಬೇಳೆಯನ್ನು ಪಾತೇಲಿಯಲ್ಲಿ ಕುದಿಸಿದರೆ ಆಯಿತು ಅಂತ ಹೆಂಡತಿಗೆ ಧರ್ಮ ಹೇಳಿದ. ಹೇಳಿ ಮುಗಿಸಿ ಅಂಗಿ ಹಾಕಿಕೊಳ್ಳುವಾಗ ಹೊಳೆಯಿತು. ಅಲುಗಾಡಿಸಬಾರದು ಅಂದರೆ ತಾನೂ ಅಲುಗಾಡಿಸಬಾರದು. ಮೂರು ಗಂಟೆಗೆ ಹುಬ್ಬಳ್ಳಿಯಲ್ಲಿ ಇರಬೇಕಾದದ್ದು ನಾಳೆಯ ತನಕ ಕೋಲಿಯಲ್ಲೇ ಇರಬೇಕು.

ಅವ್ವನ ಕಾಲು ಹಿಡಿದ. ಅವಳು ಜಪ್ಪಯ್ಯ ಅನ್ನಲಿಲ್ಲ. ಅವನ ಅಪ್ಪ ಹಿಂದೊಮ್ಮೆ ಪೂಜೆಯಾದ ಕುಡಗೋಲು ಮುಟ್ಟಿ ಕಾಲುಬೆರಳು ಕೊಯ್ದುಕೊಂಡದ್ದನ್ನು, ಯಾವ ಬೆರಳು ಎಂಬುದರ ಸಮೇತ, ಮತ್ತೆ ಹೇಳಿದಳು. ಈಗ ಸೌಂದರ್ಯಾಳೂ ಅತ್ತೆಯ ಪಕ್ಷ. ಹಿರಿಯರು ಸುಮ್ಮನೆ ಮಾಡಿಟ್ಟಿಲ್ಲ ಅಂತ ಗಂಡನ ಮಾತನ್ನೇ ಗಂಡನಿಗೆ ಬಡಿಸಿದಳು. ಪಾತೇಲಿ ಕೊಡಲು ಬಂದ ಪಕ್ಕದ ಮನೆಯ ಸಾವಕ್ಕ, ಪಾತೇಲಿ ಕೊಟ್ಟ ಮೇಲೂ ಹೋಗಲಿಲ್ಲ. ತನ್ನ ಅಣ್ಣನ ಊರಲ್ಲಿ ಪೂಜೆಯಾದ ಕತ್ತರಿ ಮುಟ್ಟಿದವನಿಗೆ ವರ್ಷವೆಲ್ಲಾ ಬಿಕ್ಕಳಿಕೆ ಬಂದಿತ್ತು ಎಂದು ಸಾಕ್ಷಿ ನುಡಿದಳು. ಗಡಿಯಾರದಲ್ಲಿ ಹನ್ನೆರಡೂವರೆ ಆಯಿತು.

ಆಗ ಬಂದವನು ಎದುರುಮನೆಯ ದುರಗಪ್ಪ. ಮೂವತ್ತು ವರ್ಷ ಬಸ್ಸಿನ ಡ್ರೈವರಾಗಿದ್ದು ಪಿಂಚಣಿಗೆ ಬಂದವನು. ಓಣಿಯಲ್ಲಿ ಯಾರೇ ಸ್ಕೂಟರ್ ಕೊಂಡರೂ ಪೂಜೆಗೆ ಅವನೇ ಬೇಕು. ಕೈ ಹಿಂದೆ ಕಟ್ಟಿಕೊಂಡು ನೌಕೆಯನ್ನು ಒಂದು ಸುತ್ತು ಹಾಕಿ ನೋಡಿ, ಅದರ ಹೆಸರನ್ನು ಎರಡು ಸಲ ಓದಿ, ಅವನು ಕೇಳಿದ:

“ತಮ್ಮಾ, ಇದು ಹತಿಯಾರನೋ, ಗಾಡಿನೋ? ಹತಿಯಾರ ಆದ್ರ ಕುಂದರತೈತಿ. ಗಾಡಿ ಆದ್ರ ಪೂಜಿ ಆದ ಮ್ಯಾಲ ಒಂದು ಸುತ್ತು ಹೋಗಿ ಬರಾಕs ಬೇಕು. ಇಲ್ಲಂದ್ರ ಪೂಜಿ ಪೂರಾ ಆಗಂಗಿಲ್ಲ.”

ಇದು ಎಲ್ಲರೂ ಬಲ್ಲ ಮಾತು. ಪೂಜೆಯಾದ ಬಸ್ಸು, ಲಾರಿ, ಟ್ರ್ಯಾಕ್ಟರು ಲಿಂಬೆಹಣ್ಣು ತುಳಿದು ಹೊರಡುವುದನ್ನು ಯಾರು ನೋಡಿಲ್ಲ? ಮುರಿಗೆವ್ವ ಮಗನ ಕಡೆ ತಿರುಗಿದಳು.

“ನಿನ್ನ ಬಾಯಲೇ ಹೇಳು. ಇದು ಗಾಡಿ ಹೌದಲ್ಲ? ಆಮ್ಯಾಲ ಮಾತು ತಿರುಗಸಬಾರದು.”

“ಹೌದವ್ವಾ, ಗಾಡಿ. ಹೆಸರಿನಾಗs ವಾಹನ ಐತಲ್ಲ.”

ಸಾವಕ್ಕ, ಸೌಂದರ್ಯಾ, ದುರಗಪ್ಪ ಮೂವರೂ ಕೇಳಿಸಿಕೊಂಡರು.

ಗಾಡಿ ಅಂದ ಮೇಲೆ ಗಾಡಿಯ ಪೂಜೆಯೇ ಆಗಬೇಕು. ನೌಕೆಯನ್ನು ಅಂಗಳಕ್ಕೆ ತಂದರು. ಛತ್ರಿಕಡ್ಡಿಯ ನಾಲ್ಕು ಕಾಲಿನ ಕೆಳಗೆ ದುರಗಪ್ಪ ನಾಲ್ಕು ಲಿಂಬೆಹಣ್ಣು ಇಟ್ಟ. ಲಿಂಬೆ ಕಾಲಿಗಿಂತ ದಪ್ಪ, ತುಳಿಯುವುದು ಹೇಗೆ? ದುರಗಪ್ಪನೇ ಮೇಲಿನಿಂದ ಅಂಗೈ ಊರಿ ಒತ್ತಿದ. ಮೂರು ಹಣ್ಣು ಒಡೆದು ರಸ ಮೈತುಂಬ ಹಾರಿತು, ನಾಲ್ಕನೆಯದು ಒಡೆಯಲಿಲ್ಲ, ಕಾಲೇ ಸೊಟ್ಟಗಾಯಿತು. ಎದುರಿಗೆ ಒಡೆದ ತೆಂಗಿನಕಾಯಿಯ ನೀರು ಬೆಳ್ಳಿ ಬಣ್ಣದ ಮೇಲೆ ಉದ್ದಕ್ಕೆ ಇಳಿಯಿತು. ಕಡೆಗೆ ಅವನು ಮೂಗಿನ ತುದಿಗೆ ಲಿಂಬೆ ಮೆಣಸಿನಕಾಯಿ ಕಟ್ಟಿ, ಇನ್ನು ಮಂಗಳ ಅಲ್ಲ, ಶನಿಗೆ ಹೋದರೂ ಅಂಜಿಕೆ ಇಲ್ಲ ಅಂದ. ಕುಮಾರಸ್ವಾಮಿಗೆ ಅಳು ಬಂತು. ಹನ್ನೊಂದು ತಿಂಗಳು ಉಸಿರು ಬಿಗಿಹಿಡಿದು ಮಾಡಿದ್ದು ಹತ್ತು ನಿಮಿಷದಲ್ಲಿ ಹೀಗಾಯಿತಲ್ಲ. ಆದರೂ ಹೊರಟ. ಹೋಗದಿದ್ದರೆ ಕೋಲಿ ಹೋಗುವುದಂತೂ ನಿಶ್ಚಿತ.

ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕರವಸ್ತ್ರದಿಂದ ತಿಕ್ಕಿ ನೋಡಿದ. ವಿಭೂತಿ ಬಣ್ಣದೊಳಗೇ ಒಣಗಿ ಕುಳಿತಿತ್ತು. ಪಕ್ಕದ ಸೀಟಿನ ಮುದುಕಿ ನೌಕೆಗೆ ಕೈಮುಗಿದು ಯಾವ ದೇವರಪ್ಪಾ ಅಂತ ಕೇಳಿದಳು. ಅವನಿಗೆ ವಿವರಿಸುವ ತ್ರಾಣ ಇರಲಿಲ್ಲ. ಮಂಗಳ ಅಂದ. ಆಕೆ ಒಳ್ಳೇದಾಗಲಿ ಎಂದು ಒಂದು ಬಾಳೆಹಣ್ಣು ಇಟ್ಟಳು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಸಭಾಗೃಹ ಮುಟ್ಟಿದ. ಮೇಜುಗಳ ಮೇಲೆ ಸಾಲಾಗಿ ಬೆಂಕಿಕಡ್ಡಿಯ ಬಂಗಲೆ, ತೆಂಗಿನಚಿಪ್ಪಿನ ಆಮೆ, ಬಾಟಲಿಯ ದೀಪ, ಎಲ್ಲವೂ ಈಗಷ್ಟೇ ಜಳಕ ಮಾಡಿಸಿದ ಕೂಸಿನಂತೆ ಸ್ವಚ್ಛ. ಅವುಗಳ ನಡುವೆ ಸೊಟ್ಟ ಕಾಲಿನ, ಹೊಗೆ ಹಿಡಿದ, ಮೂಗಿಗೆ ವಿಭೂತಿ ಬಳಿದ ಗಗನವಾಹನ ನಿಂತಿತು. ಬಂದವರೆಲ್ಲ ನೋಡಿ ನಕ್ಕು ಮುಂದೆ ಹೋದರು. ಕುಮಾರಸ್ವಾಮಿ ಒಂದು ಕಂಬದ ಮರೆಗೆ ನಿಂತು, ಕೋಲಿಯ ಸಾಮಾನನ್ನು ಯಾವ ಡಬ್ಬಿಯಲ್ಲಿ ಕಟ್ಟಬೇಕು ಎಂದು ವಿಚಾರ ಮಾಡತೊಡಗಿದ.

ಪರೀಕ್ಷಕರು ಸಿದ್ದಲಿಂಗಪ್ಪನವರು, ಹಳೆಯ ಇಂಜಿನಿಯರು. ಉಳಿದ ಮೇಜಿನ ಮುಂದೆ ಒಂದೊಂದು ನಿಮಿಷ ನಿಂತವರು ಇಲ್ಲಿ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಲಿಂಬೆರಸದ ಕಲೆಯ ಮೇಲೆ ಬೆರಳಾಡಿಸಿದರು, ಸೊಟ್ಟ ಕಾಲನ್ನು ಬಗ್ಗಿ ನೋಡಿದರು, ಟಾರ್ಚ್ ತರಿಸಿ ಒಳಗೆ ಬೆಳಕು ಬಿಟ್ಟರು. ರೊಟ್ಟಿಹಂಚು ಕಂಡಾಗ ಅವರ ಮೀಸೆಯೊಳಗೆ ನಗೆ ಮೂಡಿತು.

“ಯಾರ್ರಿ ಇದನ್ನ ಮಾಡಿದವರು?”

ಕುಮಾರಸ್ವಾಮಿ ಕಂಬದಿಂದ ಹೊರಗೆ ಬಂದ.

“ಉಳಿದವೆಲ್ಲಾ ಅಂಗಡ್ಯಾಗಿಂದ ಈಗ ಇಳದಾವ. ನಿಮ್ಮದು ಆಕಾಶಕ್ಕ ಹೋಗಿ ಬಂದೈತಿ. ನೆಲಕ್ಕ ಬಡದು ಕಾಲು ಸೊಟ್ಟ ಆಗೇತಿ, ಹೊಗಿ ಹಿಡದೈತಿ, ಹೊರಡುವಾಗ ಮಾಡಿದ ಪೂಜಿನೂ ಇನ್ನಾ ಮೈಮ್ಯಾಲ ಐತಿ. ಹೋಗಿ ಬಂದ ಈ ಕಳೆ ಹ್ಯಾಂಗ ತಂದ್ರಿ?”

“ನಮ್ಮವ್ವ ಒಂದೀಟು ಸಹಾಯ ಮಾಡಿದ್ಲ್ರಿ,” ಅಂದ ಕುಮಾರಸ್ವಾಮಿ. ಇಂಥ ವಿನಯ ಈಗಿನ ಕಾಲದಲ್ಲಿ ಅಪರೂಪ ಎಂದು ಸಿದ್ದಲಿಂಗಪ್ಪನವರು ಬೆನ್ನು ತಟ್ಟಿದರು.

ಪ್ರಥಮ ಬಹುಮಾನ. ಹೆಸರು ಕೂಗಿದಾಗ ಕುಮಾರಸ್ವಾಮಿಗೆ ನೆಲ ಕಾಣಲಿಲ್ಲ. ಕೋಲಿ ಉಳಿಯಿತು, ಇನ್ನು ಜನ್ಮದಲ್ಲಿ ಯಾರೂ ಕೇಳುವ ಹಾಗಿಲ್ಲ. ವೇದಿಕೆಯ ಮೇಲೆ ಕೆಂಪು ವಸ್ತ್ರ ಹೊದಿಸಿದ ಬಹುಮಾನ ಅವನ ಸೊಂಟದೆತ್ತರ ಇತ್ತು. ಇಷ್ಟು ದೊಡ್ಡ ಕಪ್ಪನ್ನು ಕೋಲಿಯ ಯಾವ ಮೂಲೆಯಲ್ಲಿ ಇಡಲಿ ಎಂದು ಅವನು ಖುಷಿಯಿಂದ ಲೆಕ್ಕ ಹಾಕಿದ. ಬಹುಮಾನ ದಾನ ಮಾಡಿದ ವ್ಯಾಪಾರಿಗಳು ವಸ್ತ್ರ ಎಳೆದರು. ಒಳಗೆ ಕಾಲಿನಿಂದ ತುಳಿಯುವ, ಹೊಚ್ಚ ಹೊಸ ಹೊಲಿಗೆ ಮಷೀನು.

ಮಂದಿ ಚಪ್ಪಾಳೆ ತಟ್ಟಿದರು. ಸಂಘದವರು ಟೆಂಪೋದಲ್ಲಿ ಮಷೀನನ್ನೂ ಗಗನವಾಹನವನ್ನೂ ಕುಮಾರಸ್ವಾಮಿಯನ್ನೂ ಏರಿಸಿ ಸಂಜೆ ಏಳಕ್ಕೆ ಸಪ್ತಾಪುರಕ್ಕೆ ಮುಟ್ಟಿಸಿದರು. ಓಣಿಗೆ ಓಣಿಯೇ ಹೊರಗೆ ಬಂತು. ಸೌಂದರ್ಯಾ ಮಷೀನು ನೋಡಿದಳು, ಗಂಡನನ್ನು ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಮಾಲರು ಎಲ್ಲಿ ಇಡಬೇಕೆಂದು ಕೇಳಿದರು. ಪಡಸಾಲೆಯಲ್ಲಿ ಅವ್ವನ ಮಂಚ ಮತ್ತು ಟೀವಿ. ಅಡಿಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ.

“ನಾ ಕೋಲಿ ಕೇಳಂಗಿಲ್ರಿ. ಮಾತಂದ್ರ ಮಾತು,” ಅಂದಳು ಸೌಂದರ್ಯಾ. “ನಿಮ್ಮ ಬಹುಮಾನ, ನೀವs ಎಲ್ಲ್ಯಾರ ಇಟಗೊಳ್ರಿ.”

ಹಮಾಲರ ತೋಳು ನಡುಗುತ್ತಿದ್ದವು. ಸದ್ಯಕ್ಕೆ ಕೋಲಿಯಲ್ಲಿ ಇಡಿ, ಆಮೇಲೆ ನೋಡೋಣ ಅಂದ ಕುಮಾರಸ್ವಾಮಿ. ಅವನ ಮೇಜು, ಡಬ್ಬಿ, ರೀಫಿಲ್ಲು ಎಲ್ಲ ಹೊರಗೆ ಬಂದವು, ಮಷೀನು ಒಳಗೆ ಹೋಯಿತು. ಸೌಂದರ್ಯಾಳ ಟೇಪು ಒಂದು ಇಂಚೂ ತಪ್ಪಿರಲಿಲ್ಲ. ಅವನು ಟೆಂಪೋದವರನ್ನು ಕಳಿಸಿ ಒಳಗೆ ಬರುವುದರೊಳಗೆ ಮುರಿಗೆವ್ವ ಆರತಿ ತಾಟು ಹಿಡಿದು ಕೋಲಿಯಿಂದ ಹೊರಗೆ ಬರುತ್ತಿದ್ದಳು. ಮಷೀನಿನ ಹಣೆಗೆ ಮೂರು ಬೆರಳಿನ ವಿಭೂತಿ.

“ಇನ್ನ ಅಲುಗಾಡಸಬ್ಯಾಡ,” ಅಂದಳು. “ನಾಳಿ ವಿಜಯದಶಮಿ, ಛಲೋ ದಿವಸ. ಅಕಿ ಅಲ್ಲೇ ಹೊಲಿಗಿ ಸುರು ಮಾಡ್ಲಿ.”

ಕುಮಾರಸ್ವಾಮಿ ಸುಮ್ಮನೆ ಬಿಡಲಿಲ್ಲ. ಮಧ್ಯಾಹ್ನ ಕಲಿತ ಶಾಸ್ತ್ರ ಇತ್ತಲ್ಲ. ಮಷೀನಿಗೆ ಗಾಲಿ ಐತಿ, ಪಟ್ಟಾ ಐತಿ, ಆದ್ದರಿಂದ ಅದೂ ಗಾಡಿ, ಪೂಜೆ ಆದ ಮೇಲೆ ಹೊರಗೆ ಹೋಗಲೇಬೇಕು ಅಂತ ವಾದಿಸಿದ. ದುರಗಪ್ಪ ಕೂಡ ಒಂದು ಗಳಿಗೆ ತಲೆ ಕೆರೆದುಕೊಂಡ.

“ಗಾಲಿ ಐತಿ ಖರೇ,” ಅಂದಳು ಮುರಿಗೆವ್ವ, “ಆದ್ರ ಕುಂತಲ್ಲೇ ತಿರಗತೈತಿ, ನಿನ್ನ ಕಚೇರಿ ಇದ್ದಂಗ. ಅದು ಹತಿಯಾರ. ಗಾಡಿ ಅಂದ್ರ ನಿಂದು. ನೀನs ಹೇಳಿದಿ, ಸಾವಕ್ಕನೂ ಕೇಳ್ಯಾಳ. ಗಾಡಿ ಯಾರರೆ ಮನಿ ಒಳಗ ಇಡತಾರೇನು? ಹೊರಗ ನಿಲ್ಲಸು.”

ಕುಮಾರಸ್ವಾಮಿ ಗಗನವಾಹನವನ್ನು ಎತ್ತಿಕೊಂಡು ಅಂಗಳಕ್ಕೆ ಹೋದ. ಗೋಡೆಯ ಬದಿ ಸೈಕಲ್ಲನ್ನು ಸ್ವಲ್ಪ ಸರಿಸಿ, ಅದರ ಬಾಜೂ ನಿಲ್ಲಿಸಿದ. ಒಳಗಿನಿಂದ ಸೌಂದರ್ಯಾ, ಹಾಂಗ ಬರುವಾಗ ಸೀಟಿ ಕಿತ್ತುಕೊಂಡು ಬರ್ರಿ, ನಾಳೆಗೆ ಬೇಳೆ ಇಡಬೇಕು ಅಂದಳು.